ನಾಯಕಿಯ ಚಕ್ಕುಬಂದಿ

ಹೊಟ್ಟೆಪಾಡಿಗೆ ಒಂದು ಬರೆದು ಆಸೆಗೆ ಇನ್ನೊಂದು ಬರೆಯಲು ಹೊರಟವನ ಮನೆಯನ್ನು ಫಜೀತಿಗಳು ಹುಡುಕಿಕೊಂಡು ಬರುತ್ತವೆ. ನಾನು ದೊಡ್ಡಬಳ್ಳಾಪುರದಲ್ಲಿ ಪತ್ರ ಬರಹಗಾರ. ಕ್ರಯಪತ್ರ, ವಿಭಾಗಪತ್ರ, ಏನು ಬೇಕಾದರೂ ಬರೆದುಕೊಡುತ್ತೇನೆ. ಇಪ್ಪತ್ತು ವರ್ಷದಲ್ಲಿ ನಾನು ಬರೆದ ಒಂದು ಪುಟವನ್ನೂ ಯಾರೂ ಓದಿಲ್ಲ. ಸಹಿ ಎಲ್ಲಿ ಹಾಕಬೇಕು ಅಂತ ಕೇಳುತ್ತಾರೆ, ಹಾಕಿ ಹೋಗುತ್ತಾರೆ. ಒಂದು ಕಾದಂಬರಿ ಬರೆಯಬೇಕು, ಅದನ್ನು ಒಬ್ಬರಾದರೂ ಕೊನೆಯವರೆಗೆ ಓದಬೇಕು ಅನ್ನುವ ಹಟ ಹುಟ್ಟಿದ್ದು ಹಾಗೆ.

ಮೊದಲ ಅಧ್ಯಾಯ

ನಾಯಕಿಯನ್ನು ಪರಿಚಯಿಸಲು ಒಂದು ವಾರ ಒದ್ದಾಡಿ, ಬರೆದದ್ದನ್ನು ಹೆಂಡತಿಗೆ ಓದಿ ಹೇಳಿದೆ. 'ಸದರಿ ಗ್ರಾಮದ ಸದರಿ ಮನೆಯಲ್ಲಿ ವಾಸವಾಗಿದ್ದ ಸುಮಾರು ಇಪ್ಪತ್ತೆರಡು ವರ್ಷದ ಜಯಂತಿ' ಅಂತ ಶುರು. ಅಲ್ಲಿಂದ ಕೈ ತಾನಾಗಿ ಚಕ್ಕುಬಂದಿಗೆ ತಿರುಗಿತ್ತು: ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ಚಿಕ್ಕಪ್ಪನ ಹಿತ್ತಲು, ಉತ್ತರಕ್ಕೆ ಸರ್ಕಾರಿ ಕಾಲುವೆ, ದಕ್ಷಿಣಕ್ಕೆ ಹುಣಸೆಮರ. ಹೆಂಡತಿ ಅವರೆಕಾಯಿ ಬಿಡಿಸುತ್ತಾ ಪೂರ್ತಿ ಕೇಳಿದಳು.

"ಮನೆ ಎಲ್ಲಿದೆ ಅಂತ ಗೊತ್ತಾಯ್ತು ಕಣ್ರೀ. ಹುಡುಗಿ ಎಲ್ಲಿ?"

ಟೀ ಅಂಗಡಿ

ಹೀಗಾದರೆ ಆಗದು ಅಂತ ಮಾಕಳಿದುರ್ಗದ ಬಳಿ ನಡೆದ ಎರಡು ದಿನದ ಕಥಾ ಕಮ್ಮಟಕ್ಕೆ ಹೋದೆ. ಜನ ಮಾತಾಡುವುದನ್ನು ಕೇಳಿ, ಇದ್ದ ಹಾಗೇ ಬರೆದುಕೊಳ್ಳಿ ಅಂದರು ಅಲ್ಲಿನ ಮೇಷ್ಟ್ರು. ಮರುವಾರವೇ ದೇವನಹಳ್ಳಿ ಕಡೆಯ ಚನ್ನರಾಯಪಟ್ಟಣದ ಟೀ ಅಂಗಡಿಯಲ್ಲಿ ನೋಟ್‌ಬುಕ್ ಬಿಚ್ಚಿ ಕೂತೆ. ಸ್ವಾಧೀನಕ್ಕೆ ಅಂತ ಸರ್ವೆಗೆ ಬಂದವರಿಂದ ಜಮೀನು ಉಳಿಸಿಕೊಳ್ಳಲು ವರ್ಷಗಟ್ಟಲೆ ಹೋರಾಡಿದ ಜನ ಅಲ್ಲಿಯವರು. ಪೆನ್ನು ಕಂಡದ್ದೇ ತಡ, ಮಾತೆಲ್ಲ ನಿಂತುಹೋಯಿತು. ಒಬ್ಬ ಯಜಮಾನರು ಎದ್ದು ಬಂದು, ಯಾವ ಸರ್ವೆ ನಂಬರು ಬರೆದುಕೊಳ್ಳುತ್ತಿದ್ದೀಯ ಅಂತ ಕೇಳಿದರು. ಸರ್ವೆ ಅಲ್ಲ ಯಜಮಾನ್ರೇ, ಕಥೆ ಬರೀತಿದ್ದೀನಿ ಅಂದೆ.

"ಅವ್ರೂ ಮೊದ್ಲು ಕಥೆನೇ ಹೇಳಿದ್ದು ಕಣಪ್ಪಾ," ಅಂದರು.

ಚಿತ್ತು

ಬರೆದದ್ದನ್ನು ಮುಲಾಜಿಲ್ಲದೆ ಹೊಡೆದುಹಾಕುವುದೇ ಅರ್ಧ ವಿದ್ಯೆ ಅಂತಲೂ ಮೇಷ್ಟ್ರು ಹೇಳಿದ್ದರು. ಹೊಡೆದೆ. ಆದರೆ ನಮ್ಮ ಕಸುಬಿನಲ್ಲಿ ಒಂದು ಅಕ್ಷರ ಹೊಡೆದರೂ ಪಕ್ಕದಲ್ಲಿ ಸಹಿ ಬೀಳಬೇಕು, ಇಲ್ಲದಿದ್ದರೆ ನಾಳೆ ಕೋರ್ಟಿನಲ್ಲಿ ತಕರಾರು. ಮೂರು ವರ್ಷ ಕೂತು ಬರೆದ ಹಸ್ತಪ್ರತಿಯಲ್ಲಿ ಸಹಿಯಿಲ್ಲದ ಚಿತ್ತು ಒಂದೂ ಇರಲಿಲ್ಲ. ಅಷ್ಟು ಶುದ್ಧವಾದ ದಾಖಲೆ ಅದು ಅಂತ ನನಗೆ ಈಗಲೂ ಹೆಮ್ಮೆಯಿದೆ. ಪ್ರಕಾಶಕರು ಫೋನ್ ಮಾಡಿ, ಅಚ್ಚು ಹಾಕುತ್ತೇವೆ ಅಂದರು. ಆಮೇಲೆ ಬಲು ವಿನಯದಿಂದ ಕೇಳಿದರು:

"ಸಾರ್, ಪುಸ್ತಕ ಬರೋಕ್ ಮುಂಚೇನೇ ಇಷ್ಟೊಂದು ಆಟೋಗ್ರಾಫ್ ಯಾಕೆ?"

ತಿದ್ದುಪಡಿ

ಪುಸ್ತಕ ಬಂತು. ನನ್ನ ಮೇಜಿನ ಮೇಲೆ ನಾಲ್ಕು ಪ್ರತಿ ಜೋಡಿಸಿಟ್ಟೆ. ಜನ ಅದರ ಮೇಲೆ ಆಧಾರ್ ಕಾರ್ಡ್ ಇಟ್ಟು, ಸಹಿ ಹಾಕಿ, ಕಾರ್ಡ್ ಎತ್ತಿಕೊಂಡು ಹೋದರು. ತೂಬಗೆರೆ ಕಡೆಯ ಒಬ್ಬ ಅಜ್ಜಿ ಮಾತ್ರ, ಮೊಮ್ಮಗಳ ಕೈಲಿ ಓದಿಸಿ ಕೇಳುತ್ತೇನೆ ಅಂತ ಒಂದನ್ನು ಸೆರಗಿನಲ್ಲಿ ಸುತ್ತಿಕೊಂಡಿತು.

ತಿಂಗಳಾದ ಮೇಲೆ ಅಜ್ಜಿ ಇನ್ನಿಬ್ಬರು ಹೆಂಗಸರನ್ನು ಕರೆದುಕೊಂಡು ಬಂದು ಎದುರಿಗೆ ಕೂತಿತು. ಮುಖ ಗಂಟು ಹಾಕಿಕೊಂಡಿತ್ತು. ನನ್ನ ಕಾದಂಬರಿಯಲ್ಲಿ ಅಣ್ಣತಮ್ಮಂದಿರು ಒಂದು ಸೀರೆ ಉಡಿಸಿ, ನಾಯಕಿ ಜಯಂತಿಯ ಕೈಲಿ ಆಸ್ತಿಯ ಹಕ್ಕು ಬಿಟ್ಟುಕೊಟ್ಟ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ಅಜ್ಜಿಗೆ ಅದೇ ಉರಿ. ಇದು ಅನ್ಯಾಯ, ಈಗಿಂದೀಗಲೇ ತಿದ್ದುಪಡಿ ಪತ್ರ ಬರೆ ಅಂತ ಪಟ್ಟು ಹಿಡಿಯಿತು.

"ಇವ್ರಿಬ್ರೂ ನಮ್ ಜಗಲಿ ಮೇಲೆ ಕೂತು ಕಡೇಗಂಟ ಕೇಳವ್ರೆ. ಸಾಕ್ಷಿ ಇವ್ರೇ ಹಾಕ್ತಾರೆ, ಬರಿ."

ಮೊಮ್ಮಗಳೂ ಸೇರಿ ನಾಲ್ಕು ಜನ, ಕಡೇಗಂಟ! ಹೆಮ್ಮೆಯಿಂದ ಮೂವರಿಗೂ ಟೀ ಹೇಳಿಕಳಿಸಿದೆ. ಆಮೇಲೆ, ಅದು ಕಥೆ ಅಜ್ಜಿ, ಆ ಹೆಣ್ಣುಮಗಳು ಎಲ್ಲೂ ಇಲ್ಲ, ಅವಳನ್ನು ಹುಟ್ಟಿಸಿದ್ದೇ ನಾನು ಅಂತ ಎದೆಯುಬ್ಬಿಸಿ ಹೇಳಿದೆ.

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿತು.

"ಹುಟ್ಸಿದ್ಮೇಲೆ ಭಾಗ ಕೊಡ್ಬೇಕು ಕಣಪ್ಪಾ."