ಸೀನು ಬಂದ ಮಾತ್ರಕ್ಕೆ ಮೂಗು ನೆಟ್ಟಗಿದ್ದಂತೆಯೇ?

ಪದ್ಮಜಾ ದೇವರ ಮುಂದೆ ದೀಪ ಹಚ್ಚುವ ಮೊದಲೇ ಆ ಮನೆಯಲ್ಲಿ ಇನ್ನೊಂದು ಪೂಜೆ ಮುಗಿದಿರುತ್ತಿತ್ತು. ಗಂಡ ವಿರೂಪಾಕ್ಷ ಮುಖ ತೊಳೆದವನೇ ಒಂದು ಒಣ ಮೆಣಸಿನಕಾಯಿ ತೆಗೆದು, ನಡುವೆ ಮುರಿದು, ಮೂಗಿಗೆ ಹಿಡಿದು ಎಳೆಯುತ್ತಿದ್ದ. ಬ್ಯಾಡಗಿ ಪೇಟೆಯಲ್ಲಿ ಒಬ್ಬ ಸಾಹುಕಾರರ ಪರವಾಗಿ ಮೆಣಸಿನಕಾಯಿ ಖರೀದಿಗೆ ನಿಂತಂದಿನಿಂದ ಈ ವ್ರತ ತಪ್ಪಿರಲಿಲ್ಲ. ಹಾವೇರಿಯ ಆಸ್ಪತ್ರೆಯಲ್ಲಿ ತಲೆಗೆ ಪಟ್ಟಿ ಸುತ್ತಿಕೊಂಡು ಮಲಗಿದ್ದಾಗಲೂ ದಿಂಬಿನ ಕೆಳಗೆ ಒಂದು ಕಾಯಿ ಇತ್ತು. ನರ್ಸಮ್ಮ ಅದನ್ನು ದೃಷ್ಟಿ ತೆಗೆದ ಕಾಯಿ ಎಂದು ತಿಳಿದು ಮುಟ್ಟದೆ ಬಿಟ್ಟಿದ್ದಳು.

ಇವತ್ತೂ ಮುರಿದ, ಎಳೆದ, ಗೋಡೆಯ ಕ್ಯಾಲೆಂಡರ್ ಅಲುಗುವಂತೆ ಸೀನಿದ.

ವಿರೂಪಾಕ್ಷ: ಕೇಳಿದೇನು? ನಾ ನೆಟ್ಟಗದೇನಿ ಅಂತ ಇನ್ನ ಯಾವ ಡಾಕ್ಟರ್ ಬರೆದು ಕೊಡಬೇಕು ನಿನಗ? ಇವತ್ತು ಕಾಯಿ ಹರಾಜಿನ ಟೆಂಡರ್ ಐತಿ, ನಾ ಪ್ಯಾಟಿಗೆ ಹೊಂಟೆ ಅಂದ್ರ ಹೊಂಟೆ.

ಪದ್ಮಜಾ: ಹೋಗ್ರಿ, ಹಿಡಕೊಂಡವರು ಯಾರು? ನಿನ್ನೆ ಗ್ಯಾಸ್ ಬುಕ್ ಮಾಡ್ರಿ ಅಂದ್ರ, ‘ನನ್ನ ಮೆದುಳಿಗೆ ಪೆಟ್ಟಾಗೇತಿ, ನೆನಪು ನಿಂದ್ರೂದಿಲ್ಲ’ ಅಂದ್ರಿ. ಪ್ಯಾಟಿ ದಾರಿ ನೆನಪೈತೇನು?

ವಿರೂಪಾಕ್ಷ: ಮನಿಯಂಗ ಮೆದುಳಿನ್ಯಾಗೂ ಬ್ಯಾರೆ ಬ್ಯಾರೆ ಖೋಲಿ ಇರ್ತಾವ. ಪೆಟ್ಟು ಬಿದ್ದದ್ದು ಗ್ಯಾಸಿನ ಖೋಲಿಗೆ. ಪ್ಯಾಟಿ ಖೋಲಿ ಕಲ್ಲಿನಂಗ ಐತಿ.

ಪದ್ಮಜಾ: ರಾಣೆಬೆನ್ನೂರಿಗೆ ನನ್ನ ತಂಗಿ ಮನಿ ಒಕ್ಕಲಕ್ಕ ಹೋಗೂದು ಮರತಿರಲ್ಲ, ಅದು?

ವಿರೂಪಾಕ್ಷ: ಅದು ಗ್ಯಾಸಿನ ಬಾಜೂ ಖೋಲಿ.

ಪದ್ಮಜಾ: ಕ್ರಿಕೆಟ್?

ವಿರೂಪಾಕ್ಷ: ಅದು ಹಿತ್ತಲಕಡೆ ಐತಿ. ಹಿಂದ ಪೆಟ್ಟು ಬಿದ್ದಿಲ್ಲ.

ಪದ್ಮಜಾ: ಸ್ಕೂಟರ್ ಭಾಳ ಶಾಣ್ಯಾ ಬಿಡ್ರಿ. ಕೆಲಸದ ಖೋಲಿ, ಅತ್ತಿಮನಿ ಖೋಲಿ ಹುಡುಕಿ ಹುಡುಕಿ ಹೊಡದೈತಿ.

ಮೋಟೆಬೆನ್ನೂರಿನ ತಿರುವಿನಲ್ಲಿ ಸ್ಕೂಟರ್ ಜಾರಿದ್ದು ಕಳೆದ ತಿಂಗಳು. ಹೆಲ್ಮೆಟ್ಟು ಕನ್ನಡಿಗೆ ಜೋತುಬಿದ್ದಿತ್ತು. ಅದಕ್ಕೆ ಒಂದು ಗೀರೂ ಬೀಳಲಿಲ್ಲ. ಪೆಟ್ಟು ಬಿದ್ದದ್ದು ಹಣೆಗೆ. ಒಳಗೆ, ಮೆದುಳಿನ ಮುಂಭಾಗದಲ್ಲಿ ರಕ್ತ ಹೆಪ್ಪುಗಟ್ಟಿದೆ, ತಾನಾಗಿ ಕರಗುತ್ತದೆ, ಅಲ್ಲಿಯತನಕ ದುಡುಕಬೇಡಿ ಎಂದು ಡಾಕ್ಟರು ಹೇಳಿದ್ದರು. ವಿರೂಪಾಕ್ಷನಿಗೆ ಅದರಲ್ಲಿ ಹಿಡಿಸಿದ್ದು ‘ಮೆದುಳಿಗೆ ಪೆಟ್ಟು’ ಎಂಬ ಎರಡು ಮಾತು ಮಾತ್ರ. ಬೇಡವಾದ ಕೆಲಸ ಎದುರಾದಾಗಲೆಲ್ಲ ಅವನ್ನು ಛತ್ರಿಯಂತೆ ಬಿಚ್ಚುತ್ತಿದ್ದ.

ಪದ್ಮಜಾ: ಹೋಗ್ಲಿ, ನಿನ್ನೆ ಹಾಲು ಹೊತ್ತಿ ಕರಕಲಾತು. ನೀವು ಒಲಿ ಬಾಜೂಕ ಪೇಪರ್ ಹಿಡಕೊಂಡು ಕುಂತಿದ್ರಿ. ಹೂ ಮಾರೂ ಗುತ್ತೆವ್ವ ರಸ್ತೆದಾಗಿಂದ ಒದರಿದ್ಲು, ‘ಏನ ಸುಡಾಕತ್ತೀರಿ ತಾಯಿ’ ಅಂತ.

ವಿರೂಪಾಕ್ಷ: ನನ್ನ ಲಕ್ಷ್ಯ ಪೇಪರಿನ್ಯಾಗಿತ್ತು. ಲಕ್ಷ್ಯದ ಖೋಲಿ—

ಪದ್ಮಜಾ: ತಿಳೀತು, ಗ್ಯಾಸಿನ ಮ್ಯಾಲಿನ ಅಟ್ಟ. ಮತ್ತ ತಿಂಗಳಿಂದ ನನ್ನ ಸಾರಿಗೆ ಹೆಸರಿಡಾಕತ್ತೀರಿ?

ವಿರೂಪಾಕ್ಷ: ಅದು ಸಾರೇನು? ಬಿಸಿನೀರು. ಉಪ್ಪು ಐತಿ, ಹುಳಿ ಐತಿ, ಮತ್ತೇನೂ ಇಲ್ಲ. ನಿನ್ನ ಕೈ ಕೆಟ್ಟೈತಿ.

ಪದ್ಮಜಾ: ಅಬ್ಬಾ! ಪೆಟ್ಟು ಬಿದ್ದದ್ದು ನಿಮ್ಮ ತಲಿಗೆ, ಕೆಟ್ಟದ್ದು ನನ್ನ ಕೈ!

ಅವಳು ಒಂದು ಕ್ಷಣ ಗಂಡನ ಮುಖವನ್ನೇ ನೋಡಿದಳು. ಆಮೇಲೆ ಒಳಗೆ ಹೋಗಿ, ಏನನ್ನೋ ಸೆರಗಿನಲ್ಲಿ ಮುಚ್ಚಿಕೊಂಡು ಬಂದಳು.

ಪದ್ಮಜಾ: ಕಣ್ಣು ಮುಚ್ರಿ. ಇದೇನು ಹೇಳ್ರಿ, ಆಮ್ಯಾಲ ಆರಾಮ ಪ್ಯಾಟಿಗೆ ಹೋಗ್ರಿ.

ವಿರೂಪಾಕ್ಷ: ಇದೇನು ಸಾಲಿ ಹುಡುಗ್ರ ಆಟ? ... ನೀ ಅಡಗಿಮನಿಯಿಂದ ಬಂದಿ. ಅಂದಮ್ಯಾಲ ಅಡಗಿ ಸಾಮಾನು.

ಪದ್ಮಜಾ: ಶಾಣ್ಯಾ ಇದ್ದೀರಿ. ಯಾವ ಸಾಮಾನು?

ವಿರೂಪಾಕ್ಷ: ಏಲಕ್ಕಿ.

ಅವನ ಮೂಗಿಗೆ ತಾಗುವಂತೆ ಹಿಡಿದದ್ದು ಇಂಗಿನ ಡಬ್ಬಿ. ಅದರ ಮುಚ್ಚಳ ತೆಗೆದರೆ ಪಡಸಾಲೆಯ ಬೆಕ್ಕು ಎದ್ದು ಹೊರಗೆ ಹೋಗುತ್ತಿತ್ತು. ಪದ್ಮಜಾ ನಗಲಿಲ್ಲ. ಮುಚ್ಚಳ ಹಾಕಿ, ಹಚ್ಚಿದ ಊದಿನಕಡ್ಡಿಯೊಂದನ್ನು ತಂದು ಹಿಡಿದಳು.

ವಿರೂಪಾಕ್ಷ: ಇದು... ಲಿಂಬಿಹಣ್ಣು.

ಪದ್ಮಜಾ: ದೇವರಿಗೆ ಹಚ್ಚಿದ್ದು ರೀ.

ವಿರೂಪಾಕ್ಷ: ಹಂಗಾರ ತಪ್ಪು ನಿಂದು. ದೇವರ ಸಾಮಾನಿನ ಮ್ಯಾಲ ಪರೀಕ್ಷಾ ಮಾಡ್ತಾರೇನು?

ಅಷ್ಟರಲ್ಲಿ ಹೊರಗೆ ಬೈಕು ನಿಂತಿತು. ಬಂದವನು ಸಮೀವುಲ್ಲಾ. ವಿರೂಪಾಕ್ಷನ ಹಳೆಯ ದೋಸ್ತ, ಅದೇ ಪೇಟೆಯಲ್ಲಿ ಇನ್ನೊಬ್ಬ ಸಾಹುಕಾರರ ಪರವಾಗಿ ಖರೀದಿ ಮಾಡುವವನು. ಕೈಯಲ್ಲಿ ಎರಡು ಪ್ಲಾಸ್ಟಿಕ್ ಚೀಲ.

ಸಮೀವುಲ್ಲಾ: ವೈನಿ, ಚಾ ಇಡ್ರಿ. ಲೇ ವಿರೂಪಾಕ್ಷ, ಎರಡು ಲಾಟಿನ ಕಾಯಿ ತಂದೇನಿ. ತಿಂಗಳಿಡೀ ಮಲಕೊಂಡಿದ್ದಿ, ಮೂಗು ಜಂಗು ಹಿಡದೈತೇನು ನೋಡೂಣು.

ವಿರೂಪಾಕ್ಷ: ಜಂಗಾ? ನೀವಿಬ್ರೂ ಕಣ್ಣು ಬಿಟ್ಟು ನೋಡ್ರಿ.

ಎರಡೂ ಚೀಲ ಬಿಚ್ಚಿದ. ಒಂದರ ಕಾಯಿ ಸ್ವಲ್ಪ ಮಂಕು, ಇನ್ನೊಂದರದು ಮದುವಣಗಿತ್ತಿಯ ಸೀರೆಯಂತೆ ಮಿರಮಿರ ಮಿಂಚುತ್ತಿತ್ತು. ಮಿಂಚುವುದನ್ನೇ ಎತ್ತಿ, ಮುರಿದು, ಎಳೆದು, ಜೋರಾಗಿ ಸೀನಿದ.

ವಿರೂಪಾಕ್ಷ: ಇದು! ಈ ವರ್ಷದ್ದು, ಒಣಗಿಸಿದ್ದೂ ಹದಾ ಐತಿ. ಕಣ್ಣು ಮುಚ್ಚಿ ರೇಟು ಬರೀ.

ಅಡುಗೆಮನೆಯ ಬಾಗಿಲಲ್ಲಿ ಚಹಾ ಹಿಡಿದು ನಿಂತ ಪದ್ಮಜಾ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದಳು. ಸಮೀವುಲ್ಲಾ ಅವಳನ್ನೊಮ್ಮೆ, ದೋಸ್ತನನ್ನೊಮ್ಮೆ ನೋಡಿ ಟೋಪಿ ತೆಗೆದು ತಲೆ ಕೆರೆದುಕೊಂಡ.

ಸಮೀವುಲ್ಲಾ: ಲೇ... ಅದು ಮಳ್ಯಾಗ ನೆಂದು ಮುಗ್ಗಿದ ಕಾಯಿ. ಯಾರೋ ಪುಣ್ಯಾತ್ಮ ಮ್ಯಾಲ ಎಣ್ಣಿ ಸವರ್ಯಾನ. ಹಮಾಲ ಖಲಂದರ ಹೇಳಿದ. ನೀ ಬೈತೀ, ನಗೂಣು ಅಂತ ತಂದೆ.

ವಿರೂಪಾಕ್ಷ: ಸುಳ್ಳು! ಸೀನು ಬಂತಲ್ಲೋ! ಸೀನು ಸುಳ್ಳು ಹೇಳ್ತೈತೇನು?

ಪದ್ಮಜಾ: ಸೀನು ಹೇಳೂದು ಘಾಟಿನ ಸುದ್ದಿ ರೀ, ವಾಸನಿದಲ್ಲ. ಅದು ಬ್ಯಾರೆ ನರ, ಇದು ಬ್ಯಾರೆ ನರ.

ವಿರೂಪಾಕ್ಷ: ನೀ ಯಾವಾಗ ಡಾಕ್ಟರ್ ಆದಿ?

ಪದ್ಮಜಾ: ಮನಿಗೆ ಕಳಸೂ ದಿನ ಡಾಕ್ಟರ್ ‘ವಾಸನಿ ಬರ್ತೈತೇನ್ರಿ’ ಅಂತ ಕೇಳಿದ್ರು. ‘ಬ್ಯಾಡಗಿಯವರಿಗೆ ಮೂಗಿನ ಸುದ್ದಿ ಕೇಳ್ತೀರೇನ್ರಿ’ ಅಂದು ಎದ್ದು ಹೋಗಿ ಆಟೋದವನ ಜೋಡಿ ಜಗಳಾ ತಗದ್ರಿ. ನಾ ಕುಂತು ಕೇಳಿದೆ. ವಾಸನಿ ನರ ಕೂದಲಿನಕಿಂತ ಸಣ್ಣವಂತ. ಜರಡಿಯಂಥ ಎಲುಬಿನ ತೂತಿನ್ಯಾಗ ಹಾದು ಮೆದುಳಿನ ಮುಂದಿನ ಭಾಗಕ್ಕ ಹೋಗ್ತಾವಂತ. ಹಣಿ ಬಡದ್ರ ಮೆದುಳು ಒಳಗ ಜೋಲಿ ಹೊಡದು ಆ ಎಳಿ ಹರೀತಾವಂತ. ಘಾಟಿನ ನರ ಮಾರಿಗೆ ಸಂಬಂಧಪಟ್ಟದ್ದು, ಅದಕ್ಕ ಏನೂ ಆಗೂದಿಲ್ಲ. ಬಿಸಿಲು ಬಂದ್ರೂ ಸೀನ್ತೀರಿ, ಬಿಸಿಲಿನ ವಾಸನಿ ಹೇಳ್ತೀರೇನು?

ವಿರೂಪಾಕ್ಷ ಮುರಿದ ಕಾಯಿಯನ್ನು ಮತ್ತೆ ಮೂಗಿಗೆ ಹಿಡಿದ. ಸೀನು ಬಂತು. ಬೇರೇನೂ ಬರಲಿಲ್ಲ. ಸಾಹುಕಾರರು ಅವನನ್ನು ಸಾಕಿದ್ದು ಆ ಮೂಗಿಗಾಗಿ. ಇವತ್ತು ಈ ಮುಗ್ಗಿದ ಕಾಯಿ ಖರೀದಿಸಿದ್ದರೆ ಅದು ಒಳ್ಳೆಯ ಕಾಯಿಯ ಜೊತೆ ಸೇರಿ ಪುಡಿಯಾಗುತ್ತಿತ್ತು. ಸಂಜೆಗೆ ಇಡೀ ಪೇಟೆ ಅವನ ಹೆಸರು ಹೇಳಿ ನಗುತ್ತಿತ್ತು.

ವಿರೂಪಾಕ್ಷ: ಆಸ್ಪತ್ರ್ಯಾಗ ಫಿನಾಯಿಲ್ ವಾಸನಿ ಬರಲಿಲ್ಲ. ಎಷ್ಟು ಸ್ವಚ್ಛ ಆಸ್ಪತ್ರಿಪಾ ಅಂದಕೊಂಡೆ. ಮನಿಗೆ ಬಂದ್ರ ನಿನ್ನ ಸಾರಿಗೂ ವಾಸನಿ ಇಲ್ಲ. ಆವಾಗ ಅಂಜಿಕಿ ಬಂತು.

ಪದ್ಮಜಾ: ಅದಕ್ಕ ನನ್ನ ಕೈಗೆ ಹೆಸರಿಟ್ರಿ. ನೆಟ್ಟಗಿದ್ದ ಖೋಲಿಗೆಲ್ಲಾ ಕೀಲಿ ಹಾಕಿದ್ರಿ, ಬಿದ್ದ ಖೋಲ್ಯಾಗ ಅಂಗಡಿ ತಗ್ಯಾಕ ಹೊಂಟಿದ್ರಿ. ಅಗದೀ ಚಲೋ ವ್ಯವಹಾರ.

ವಿರೂಪಾಕ್ಷ (ಮೆಲ್ಲಗೆ): ಮತ್ತ ಬರ್ತೈತೇನು ಅದು?

ಪದ್ಮಜಾ: ಕೆಲವರಿಗೆ ಬರ್ತೈತಂತ, ಕೆಲವರಿಗೆ ಇಲ್ಲಂತ. ದಿನಾ ಒಂದಿಷ್ಟು ವಾಸನಿ ತೋರಿಸಿ ರೂಢಿ ಮಾಡಸ್ತಾರಂತ. ಹಾವೇರಿಗೆ ಹೋಗೂಣು. ಬರಲಿ ಅಂತ ಕೇಳಾಕ ನನಗ ದೇವರು ಅದಾನ, ಹೌದು, ಹೋಗೇತಿ ಅಂತ ಒಪ್ಪಾಕ ನೀವು ಬೇಕಾಗಿತ್ತು.

ವಿರೂಪಾಕ್ಷ: ಫೋನ್ ಕೊಡು. ‘ಇವತ್ತು ಬ್ಯಾರೆಯವರನ್ನ ಕಳಸ್ರಿ’ ಅಂತ ಸಾಹುಕಾರ್ರಿಗೆ ನಾನ ಹೇಳ್ತೇನಿ.

ಸಮೀವುಲ್ಲಾ ಚಹಾದ ಲೋಟ ಕೆಳಗಿಟ್ಟು ಫೋನಿನ ಮೇಲೆ ಕೈ ಇಟ್ಟ. ಅವನ ಕಣ್ಣು ಒದ್ದೆಯಾಗಿತ್ತು. ಅದರಲ್ಲಿ ದೋಸ್ತಿ ಎಷ್ಟು, ಮೆಣಸಿನಕಾಯಿ ಎಷ್ಟು ಎಂದು ಪದ್ಮಜಾಗೆ ತಿಳಿಯಲಿಲ್ಲ.

ಸಮೀವುಲ್ಲಾ: ತಡಿ. ಕೆಲಸ ಯಾಕ ಕಳಕೋತಿ? ನೀ ಎಂದಿನಂಗ ಬಾ. ನಾ ನಿನ್ನ ಬಾಜೂಕ ನಿಂದರ್ತೇನಿ. ಕಾಯಿ ಚಲೋ ಇದ್ರ ಕೆಮ್ಮತೇನಿ, ಮುಗ್ಗಿದ್ರ ಸುಮ್ನಿರ್ತೇನಿ. ಅಲ್ಲಾನ ಆಣಿ, ಯಾರಿಗೂ ಗೊತ್ತಾಗೂದಿಲ್ಲ.

ವಿರೂಪಾಕ್ಷ: ಬ್ಯಾಡೋ ಸಮೀ.

ಸಮೀವುಲ್ಲಾ: ಯಾಕ? ನನ್ನ ಹಂಗಿನ್ಯಾಗ ಇರಾಕ ನಾಚಿಕೇನು?

ವಿರೂಪಾಕ್ಷ: ನಾಚಿಕಿ ಅಲ್ಲ. ಇಷ್ಟು ವರ್ಷ ನೀ ಕಾಯಿ ಮೂಸಿ ರೇಟು ಬರದೀಯೇನು? ನನ್ನ ಮೂಗಿನ ಹೊಳ್ಳಿ ಅರಳ್ತೇನು ಅಂತ ಓರೆಗಣ್ಣಿಲೆ ನೋಡಿ ಬರದಾಂವ ನೀ. ಇನ್ನ ನಾ ನಿನ್ನ ಕೆಮ್ಮು ಕಾಯೂದು, ನೀ ನನ್ನ ಹೊಳ್ಳಿ ಕಾಯೂದು... ಕಾಯಿ ನೋಡಾಂವ ಯಾರಪಾ?