ಮೂವತ್ತೆಂಟು ಇಂಚಿನ ಅಣಬೆ

ನಾನು ದರ್ಜಿ. ಆದರೂ ನನ್ನ ಮಾವನವರು ಹನ್ನೆರಡು ವರ್ಷಗಳಿಂದ ಅಂಗಿ ಹೊಲಿಸುವುದು ಎದುರು ಬೀದಿಯ ದರ್ಜಿಯ ಹತ್ತಿರ! (ನನ್ನಲ್ಲಿ ಹೇಳಿದ ದಿನಕ್ಕೆ ಬಟ್ಟೆ ಸಿಗುವುದಿಲ್ಲವಂತೆ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಶಿಕ್ಷೆಯೇ?) ಅವರ ಮೈಮೇಲೆ ನನ್ನ ಕೈಯ ಅಂಗಿಯೊಂದನ್ನು ನೋಡಬೇಕೆಂಬುದು ನನ್ನ ಜೀವಮಾನದ ಆಸೆ.

ಹೀಗಿರುವಾಗ ಅಂಗಡಿಯ ಹಿಂದಿನ ಹುಲ್ಲಿನಲ್ಲಿ ಒಂದು ಅಣಬೆ ಎದ್ದಿತು. ಕೊಡೆಯಿಲ್ಲ, ಕಾಲಿಲ್ಲ, ಬರೀ ಬೆಳ್ಳನೆಯ ಚೆಂಡು. ಮಾವನವರಿಗೆ ಅಣಬೆಯೆಂದರೆ ಪ್ರಾಣ. ಇದನ್ನು ಬಡಿಸಿದರೆ ಮನಸ್ಸು ಕರಗೀತು ಎಂದುಕೊಂಡು ಟೇಪು ಹಿಡಿದೆ. ಸುತ್ತಳತೆ ಇಪ್ಪತ್ತೆರಡು.

"ರೀ, ನಾನು ಚಿಕ್ಕವಳಿದ್ದಾಗ ಅಪ್ಪ ತರ್ತಿದ್ದದ್ದು ಇದೇ ಜಾತಿ," ಎಂದಳು ಹೆಂಡತಿ. "ಒಳಗೆ ಬೆಳ್ಳಗಿರುವಾಗ್ಲೇ ತಿನ್ಬೇಕು. ಇವತ್ತೇ ಕೊಯ್ರಿ, ಅಪ್ಪನ್ನ ಊಟಕ್ಕೆ ಕರೀತೀನಿ."

"ಬೆಳೆಯೋ ಮೈ ಕಣೇ! ಇನ್ನೂ ನಾಲ್ಕು ಇಂಚು ಬಿಡೋಣ."

"ಅದೇನು ಸ್ಕೂಲ್ ಹುಡುಗನ ಚಡ್ಡೀನಾ?"

ನಾಲ್ಕು ದಿನದಲ್ಲಿ ಮೂವತ್ತೆಂಟು ಇಂಚಾಯಿತು! ಆಮೇಲೆ ಬೆಳೆಯಲಿಲ್ಲ. ಹೆಂಡತಿ ದಿನವೂ ಗೋಗರೆದಳು, ನಾನು ದಿನವೂ "ನಾಳೆ" ಎಂದೆ. ವೃತ್ತಿಯಿಂದ ಬಂದ ಚಾಳಿ. ಬಿಳುಪು ಹಳದಿಯಾಗಿ, ಹಳದಿ ಕಂದಾದಾಗ, ಹಣ್ಣಾಗುತ್ತಿದೆ ಎಂದು ಹಿಗ್ಗಿದೆ.

ಎರಡು ವಾರದ ನಂತರ, ಹೆಂಡತಿ ಬೇಡವೆಂದರೂ ಕೇಳದೆ, ನಾನೇ ಫೋನು ಮಾಡಿ ಮಾವನವರನ್ನು ಕರೆಸಿದೆ. ತಟ್ಟೆಯ ಮೇಲೆ ಸ್ಯಾಟಿನ್ ಬಟ್ಟೆ ಹೊದಿಸಿದ್ದ ಅಣಬೆರಾಯನನ್ನು ಅವರ ಮುಂದಿಟ್ಟು, ಮುಸುಕು ತೆಗೆದು, ಅಂಗಡಿಯ ದೊಡ್ಡ ಕತ್ತರಿ ಹಾಕಿದೆ.

ಬುಸ್ಸ್!

ಕಂದು ಹೊಗೆಯಲ್ಲಿ ಮಾವನವರು ಮಾಯವಾದರು. ಸೀನು ಕೇಳಿಸಿದ್ದರಿಂದ ಇದ್ದಾರೆಂದು ಗೊತ್ತಾಯಿತು. ಒಳಗೆ ತಿನ್ನುವಂಥದ್ದು ಏನೂ ಉಳಿದಿರಲಿಲ್ಲ, ಬರೀ ಪುಡಿ. ಅವರ ಬಿಳಿ ಅಂಗಿ ನೋಡಿ ನನಗೆ ಅಳುವೇ ಬಂತು. ಹನ್ನೆರಡು ವರ್ಷದ ಆಸೆ ಅಲ್ಲಿಗೆ ಮುಗಿಯಿತೆಂದುಕೊಂಡೆ.

ಹೆಂಡತಿ ನನ್ನನ್ನು ಸುಡುವಂತೆ ನೋಡಿ, ಅಂಗಡಿಯಿಂದ ಒಂದು ಅಂಗಿ ತಂದು ಅಪ್ಪನಿಗೆ ಕೊಟ್ಟಳು. (ಯಾರೋ ಗಿರಾಕಿಯದು. ಎಂಟು ತಿಂಗಳಿಂದ ಗುಂಡಿಯೊಂದು ಬಾಕಿಯಿತ್ತು.) ಮಾವನವರು ತೊಟ್ಟರು. ಕನ್ನಡಿಯ ಮುಂದೆ ಕೈಯೆತ್ತಿದರು, ಭುಜ ತಿರುಗಿಸಿದರು.

"ಪರವಾಗಿಲ್ವೇ! ಭುಜ ಚೆನ್ನಾಗಿ ಕೂತಿದೆ. ನನಗೂ ಎರಡು ಹೊಲಿದುಕೊಡಿ, ಅಳಿಯಂದಿರೇ."

ನನ್ನ ಕಣ್ಣು ತುಂಬಿ ಬಂತು. ಕೊರಳಲ್ಲಿದ್ದ ಟೇಪು ಕೈಗೆತ್ತಿಕೊಂಡೆ.

"ಒಂದು ಮಾತು," ಎಂದರು ಮಾವನವರು. "ಅಳತೆ ನೀವು ತಗೊಳ್ಳಿ. ಯಾವತ್ತು ಕತ್ತರಿಸ್ಬೇಕು, ಯಾವತ್ತು ಕೊಡ್ಬೇಕು ಅನ್ನೋದನ್ನ ನನ್ನ ಮಗಳು ಹೇಳ್ತಾಳೆ."

ಮಗಳು ಕತ್ತರಿಯ ಪುಡಿ ಒರೆಸಿ ನನ್ನ ಕೈಗಿಟ್ಟಳು.

"ಇವತ್ತೇ ರೀ. ನಿಮ್ಮ ಊಟ ಆಮೇಲೆ."