ರಾಹುಕಾಲಕ್ಕೆ ಗೊತ್ತುಮಾಡಿದ ನಕಲು

ಮಾನ್ಯರಾದ ಮಧುರೆಯ ನಿಶ್ಚಿಂತಾ ಗಣಕ ರಕ್ಷಣಾ ಸಂಸ್ಥೆಯವರಿಗೆ ಶಿವಕಾಶಿಯ ಪೊನ್ಮಾರಿ ಕ್ಯಾಲೆಂಡರ್ ಅಚ್ಚುಕೂಟದ ವೆಯಿಲುಮುತ್ತು ಮಾಡುವ ಅನಂತ ನಮಸ್ಕಾರಗಳು.

ನಮ್ಮಲ್ಲಿಗೆ ಬಂದುಹೋಗುವ ಇಂಜಿನಿಯರ್ ಅರುಳ್‌ದಾಸ್ ತಂಬಿಯ ಸೊಂಟನೋವು ಇಳಿಯಿತೇ? ಫೋನೆತ್ತಿ ‘ದಯವಿಟ್ಟು ಕಾಯಿರಿ’ ಎನ್ನುವ ಸಹಾಯಮೇರಿ ತಂಗಿಯ ಗಂಟಲು ಹೇಗಿದೆ? ಮೊನ್ನೆ ಮಧ್ಯಾಹ್ನವಿಡೀ ಅದನ್ನೇ ಹೇಳಿ ದಣಿದಳು, ಪಾಪ. ನಾವೆಲ್ಲ ಕ್ಷೇಮ, ನಮ್ಮ ಕಂಪ್ಯೂಟರನ್ನು ಬಿಟ್ಟು. ಅದು ಸೋಮವಾರ ತೀರಿಕೊಂಡಿತು.

ಬರುವ ವರ್ಷದ ಕ್ಯಾಲೆಂಡರ್ ಚಿತ್ರಗಳೆಲ್ಲ ಅದರೊಳಗಿದ್ದವು. ಆಡಿ ತಿಂಗಳ ಹದಿನೆಂಟರಂದು ಊರಿನ ಅಚ್ಚುಕೂಟಗಳೆಲ್ಲ ಪೂಜೆ ಮಾಡಿ ಮಾದರಿ ಆಲ್ಬಂ ಹೊರತರುವುದು, ಆ ದಿನ ಆಲ್ಬಂ ಇಲ್ಲದವನ ಬಾಗಿಲಿಗೆ ಆರ್ಡರ್ ತರುವ ಏಜೆಂಟರು ವರ್ಷವಿಡೀ ತಲೆಹಾಕದಿರುವುದು ತಮಗೆ ತಿಳಿದದ್ದೇ. ಆದರೂ ನಾನು ಗಾಬರಿಯಾಗಲಿಲ್ಲ. ಅದರೊಳಗಿನದೆಲ್ಲದರ ನಕಲನ್ನು ವಾರಕ್ಕೊಮ್ಮೆ ತೆಗೆದು ಕಾಪಾಡುವವರು ತಾವಲ್ಲವೇ? ಪ್ರತಿ ವಾರ ತಾವು ಕಳಿಸುವ ‘ವಿಫಲವಾದ ನಕಲು ಒಂದೂ ಇಲ್ಲ’ ಎಂಬ ವರದಿಯನ್ನು ತೋರಿಸಿ, ನಮ್ಮ ಚಿತ್ರಗಾರ ಕರುತ್ತಪಾಂಡಿಗೆ ನಾನೇ ಧೈರ್ಯ ಹೇಳಿದೆ.

ಅರುಳ್‌ದಾಸ್ ಬಂದು ನೋಡಿದಾಗ ತಮ್ಮ ಕೈಚಳಕ ಪೂರ್ತಿ ಅರ್ಥವಾಯಿತು. ನಕಲು ತೆಗೆಯಲು ನಮ್ಮ ಆಫೀಸಿನಲ್ಲಿ ಯಾರೂ ಕೆಲಸ ಮಾಡದ ಹೊತ್ತು ಯಾವುದೆಂದು ತಮ್ಮ ಜಾಣ ಯಂತ್ರ ಹುಡುಕಿ, ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ಎಂದು ತಾನೇ ಗೊತ್ತುಮಾಡಿತ್ತಂತೆ. ಸ್ವಾಮಿ, ಅದು ರಾಹುಕಾಲ. ನಾಡಿಗೆಲ್ಲ ರಾಹುಕಾಲ ಅಚ್ಚುಹಾಕಿ ಹಂಚುವವರು ನಾವು. ನಾವೇ ಅದನ್ನು ಮೀರಿದರೆ ನಮ್ಮ ಕ್ಯಾಲೆಂಡರನ್ನು ಯಾರು ನಂಬುತ್ತಾರೆ? ಆ ಹೊತ್ತಿಗೆ ನಮ್ಮಲ್ಲಿ ಲೆಕ್ಕ ಬರೆಯುವ ಪೇಚಿಯಮ್ಮಾಳ್ ಕಂಪ್ಯೂಟರನ್ನು ಆರಿಸಿ, ಕೈಮುಗಿದು, ವಡೆ ತಿನ್ನಲು ಹೋಗುತ್ತಾಳೆ.

“ಮತ್ತೆ ವಿಫಲ ಒಂದೂ ಇಲ್ಲ ಅಂತ ಬರೀತಿದ್ರಲ್ಲಪ್ಪಾ?” ಎಂದು ಅರುಳ್‌ದಾಸನನ್ನು ಕೇಳಿದೆ.

“ನಕಲು ತಪ್ಪಿಲ್ಲ ಅಣ್ಣಾಚಿ, ಶುರುವೇ ಆಗಿಲ್ಲ. ಶುರುವಾಗದ್ದು ತಪ್ಪೋದು ಹೇಗೆ?” ಎಂದ.

ಇಂಥ ಸತ್ಯಸಂಧತೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ತಮ್ಮ ಬಳಿ ಉಳಿದಿರುವುದು ಯಂತ್ರ ಕೂರಿಸಿದ ದಿನ ಅರುಳ್‌ದಾಸ್ ಕೈಯಾರೆ ತೆಗೆದ ಒಂದೇ ನಕಲು. ಅದರಲ್ಲಿ ಎರಡು ವರ್ಷದ ಹಿಂದಿನ ದೇವರುಗಳು ಭದ್ರವಾಗಿದ್ದಾರೆ. ಪೇಚಿಯಮ್ಮಾಳನ್ನು ಬೈಯೋಣವೆಂದರೆ, “ಹೊತ್ತು ಇಟ್ಟೋರಿಗೆ ಗೋಡೆ ಮೇಲಿನ ಕ್ಯಾಲೆಂಡರ್ ನೋಡೋಕೆ ಏನಾಗಿತ್ತು?” ಎಂದು ನನ್ನನ್ನೇ ಕೇಳುತ್ತಾಳೆ. ಉತ್ತರ ತಮ್ಮಲ್ಲಿದ್ದರೆ ಕಳಿಸಿಕೊಡಿ.

ಕರುತ್ತಪಾಂಡಿ ಈಗ ಎಲ್ಲವನ್ನೂ ಮೊದಲಿನಿಂದ ಬರೆಯುತ್ತಿದ್ದಾನೆ. ಲಕ್ಷ್ಮಿ, ಪಿಳ್ಳೈಯಾರ್ ಗಣಪತಿ ಮುಗಿದರು. ಮುರುಗನ ಮುಂದೆ ಕುಳಿತವನು ನಿನ್ನೆ ಅನ್ನ ಮುಟ್ಟಲಿಲ್ಲ. “ಹೋದ ಮುರುಗ ನಗ್ತಿದ್ದ ಅಣ್ಣಾಚಿ. ಇವನು ನನ್ನ ಮುಖ ನೋಡ್ತಾನೆ, ನಗೋದಿಲ್ಲ” ಎಂದ. ಮುರುಗನ ಹಾಳೆಯಿಲ್ಲದ ಆಲ್ಬಂ ಹಿಡಿದು ಈ ಊರಿನಲ್ಲಿ ನಾನು ಯಾರೆದುರು ನಿಲ್ಲಲಿ?

ಆದ್ದರಿಂದ ತಮ್ಮಲ್ಲಿ ಸಣ್ಣ ಕೋರಿಕೆ. ಒಂದೋ ತಮ್ಮ ತಂತ್ರಜ್ಞಾನದಿಂದ ಆಡಿ ಹದಿನೆಂಟನ್ನು ಒಂದು ತಿಂಗಳು ಮುಂದೂಡಿಸಿ. ಅಥವಾ ರಾಹುವನ್ನು ಕಂಡು ಬೇರೆ ಹೊತ್ತಿಗೆ ಒಪ್ಪಿಸಿ. ಎರಡೂ ಆಗದಿದ್ದರೆ ಅರುಳ್‌ದಾಸನನ್ನು ಕಳಿಸಿ, ನವಿಲುಗರಿಗೆ ಬಣ್ಣ ತುಂಬಲು ಒಂದು ಕೈ ಕಡಿಮೆಯಿದೆ. ಸೊಂಟಕ್ಕೆ ದಿಂಬು ನಾವೇ ಕೊಡುತ್ತೇವೆ.

ತಮ್ಮ ವಿಶ್ವಾಸಿ,
ವೆಯಿಲುಮುತ್ತು

ತಾ.ಕ.: ಎದುರು ಬೀದಿಯ ಸೊರ್ಣಂ ಅಚ್ಚುಕೂಟದ ಯಜಮಾನರು ನಮ್ಮ ಏಜೆಂಟರಿಗೆ ಈಗಲೇ ಕಾಫಿ ಕುಡಿಸುತ್ತಿದ್ದಾರೆ. ಅವರ ಕಂಪ್ಯೂಟರ್ ಕಾಯಲು ಒಳ್ಳೆಯವರು ಯಾರೆಂದು ನಿನ್ನೆ ನನ್ನನ್ನು ಕೇಳಿದರು. ತಮ್ಮನ್ನು ಬಾಯ್ತುಂಬ ಹೊಗಳಿ ವಿಳಾಸ ಕೊಟ್ಟಿದ್ದೇನೆ. ನನಗೆ ತಡವಾದರೂ ಚಿಂತೆಯಿಲ್ಲ, ಅವರಿಗೆ ಮಾತ್ರ ಬೇಗ ಕಾಗದ ಬರೆಯಿರಿ.